ಪಾಸಿಟಿವ್ ಥಿಂಕಿಂಗ್ ಅಂದ್ರೆ ಅಲರ್ಜಿ ಇರುವವರು ಯಾವ ಸೆಲ್ಫ್ ಹೆಲ್ಪ್ ಪುಸ್ತಕ ಓದಬೇಕು?

ಅರೆಮನಸ್ಸು ಕೇಳಿದ್ದು:

ನನಗೆ ಎರಡು ತೊಂದರೆ. ಮಾಡಬೇಕಾದ ಕೆಲಸವನ್ನು ನಾಳೆಗೆ ತಳ್ಳುತ್ತಲೇ ಇರುತ್ತೇನೆ. ಇನ್ನೊಂದು, ರಾತ್ರಿ ದೀಪ ಆರಿಸಿದ ಕೂಡಲೇ ತಲೆಯೊಳಗೆ ಚಿಂತೆ ಶುರು. ಇವಕ್ಕೆ ಏನಾದರೂ ಓದೋಣ ಅಂತ ಹುಡುಕಿದರೆ ಸಿಗುವುದೆಲ್ಲ ಒಂದೇ ಥರದ ಪುಸ್ತಕ. ಕನ್ನಡಿ ಮುಂದೆ ನಿಂತು ‘ನಾನು ಗೆಲ್ಲುತ್ತೇನೆ’ ಅಂತ ಹೇಳಿಕೊಳ್ಳಿ, ಬೇಕಾದ್ದನ್ನೆಲ್ಲ ಕಣ್ಮುಂದೆ ತಂದುಕೊಳ್ಳಿ, ಉಳಿದಿದ್ದನ್ನು ವಿಶ್ವವೇ ನೋಡಿಕೊಳ್ಳುತ್ತದೆ. ವಿಶ್ವಕ್ಕೆ ಬೇರೆ ಕೆಲಸ ಇಲ್ವಾ?

ಎಲ್ಲದಕ್ಕೂ ಮೂಗು ಮುರಿಯುವ ಪೈಕಿ ನಾನಲ್ಲ. ಬದಲಾಗಬೇಕು ಅಂತ ನಿಜವಾಗಿಯೂ ಇದೆ. ಆದರೆ ನನಗೇ ನಂಬಿಕೆ ಇಲ್ಲದ ಮಾತನ್ನು ನನಗೇ ಹೇಳಿಕೊಳ್ಳುವುದು ಒಂಥರಾ ಮುಜುಗರ. ಪುಸ್ತಕಕ್ಕೆ ಏನಾದರೂ ಆಧಾರ ಇರಬೇಕು, ಬರೆದವರಿಗೆ ಸ್ವಲ್ಪ ಹಾಸ್ಯ ಗೊತ್ತಿರಬೇಕು, ಓದಿ ಮುಗಿಸಿದ ಮೇಲೆ ಮಾಡುವಂಥದ್ದು ಏನಾದರೂ ಸಿಗಬೇಕು. ‘ಮೊದಲು ಮನಸ್ಸು ತೆರೆದಿಟ್ಟುಕೊಂಡು ಓದಿ’ ಎನ್ನುವ ಉತ್ತರ ದಯವಿಟ್ಟು ಬೇಡ. ಅದನ್ನು ಹೇಳುವವರು ಈಗಾಗಲೇ ಬೇಕಾದಷ್ಟಿದ್ದಾರೆ.

ಪುಟದಂಚು:

ನಿಮ್ಮನ್ನು ನೋಡಿಕೊಂಡೇ ಬರೆದ ಹಾಗಿರುವ ಪುಸ್ತಕ ಒಂದಿದೆ. ಆಲಿವರ್ ಬರ್ಕ್‌ಮನ್ ಬರೆದ ‘ದಿ ಆಂಟಿಡೋಟ್’, 2012ರದ್ದು. ಪಾಸಿಟಿವ್ ಥಿಂಕಿಂಗ್ ಸಹಿಸಲಾಗದವರಿಗೂ ಸಂತೋಷ ಸಿಗಬಹುದು ಎಂಬರ್ಥದ ಉಪಶೀರ್ಷಿಕೆಯೇ ಅದಕ್ಕಿದೆ. ಬರ್ಕ್‌ಮನ್ ಬ್ರಿಟಿಷ್ ಪತ್ರಕರ್ತ. ಗುರುವಿನ ಗತ್ತಿಲ್ಲ. ಅನುಮಾನ ಇಟ್ಟುಕೊಂಡೇ ಒಂದೊಂದು ಕಡೆ ಹೋಗಿ ನೋಡುತ್ತಾನೆ. ಅಮೆರಿಕದ ಒಂದು ದೊಡ್ಡ ಪ್ರೇರಣಾ ಸಮಾವೇಶದಲ್ಲಿ ಕೂರುತ್ತಾನೆ, ಮಾತಿಲ್ಲದ ಧ್ಯಾನ ಶಿಬಿರಕ್ಕೆ ಹೋಗುತ್ತಾನೆ, ಮಾರುಕಟ್ಟೆಯಲ್ಲಿ ಸೋತು ಹೋದ ಸಾವಿರಾರು ಉತ್ಪನ್ನಗಳನ್ನು ಕೂಡಿಟ್ಟ ಜಾಗಕ್ಕೂ ಹೋಗುತ್ತಾನೆ. ಲಂಡನ್ ಮೆಟ್ರೋದಲ್ಲಿ ಪ್ರತಿ ನಿಲ್ದಾಣ ಬಂದಾಗಲೂ ಅದರ ಹೆಸರನ್ನು ಗಟ್ಟಿಯಾಗಿ ಕೂಗುವ ಭಾಗ ಓದಿ, ನಗು ತಡೆಯಲಾಗುವುದಿಲ್ಲ. ಅದು ಆಲ್ಬರ್ಟ್ ಎಲ್ಲಿಸ್ ಎಂಬ ಮನಶ್ಶಾಸ್ತ್ರಜ್ಞ ಜನರಿಂದ ಮಾಡಿಸುತ್ತಿದ್ದ ಅಭ್ಯಾಸ. ಎಲ್ಲರೂ ನಕ್ಕುಬಿಟ್ಟರೆ ಸತ್ತೇ ಹೋಗುತ್ತೇನೆ ಅಂದುಕೊಂಡಿರುತ್ತೇವಲ್ಲ, ನಿಜವಾಗಿ ಏನಾಗುತ್ತದೆ ನೋಡೋಣ ಅಂತ. ಏನೂ ಆಗುವುದಿಲ್ಲ, ಕೆಲವರು ತಿರುಗಿ ನೋಡುತ್ತಾರೆ ಅಷ್ಟೇ.

ನಿಮ್ಮ ಮುಜುಗರಕ್ಕೆ ಆಧಾರವೂ ಇದೆ. 2009ರಲ್ಲಿ ಜೋಆ್ಯನ್ ವುಡ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ‘ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ’ ಎಂಬಂಥ ಮಾತನ್ನು ಜನರ ಕೈಲಿ ಮತ್ತೆ ಮತ್ತೆ ಹೇಳಿಸಿದರು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಚೂರು ಲಾಭ ಆಯಿತು. ತಮ್ಮ ಬಗ್ಗೆ ಕೀಳಾಗಿ ಅಂದುಕೊಂಡಿದ್ದವರಿಗೆ ಇದ್ದ ಮೂಡೂ ಕೆಟ್ಟಿತು. ಅಂದರೆ ಯಾರಿಗೆ ಈ ಔಷಧಿ ಮಾರುತ್ತಾರೋ ಅವರಿಗೇ ಅದು ಆಗಿಬರುವುದಿಲ್ಲ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಆ ಮಾತು ಹೇಳಿದ ಕೂಡಲೇ ಒಳಗಿನಿಂದ ‘ಹೌದಾ? ಮೊನ್ನೆ ಏನಾಯಿತು ನೆನಪಿದೆಯಾ?’ ಅಂತ ಎದುರು ವಾದ ಬರುತ್ತದೆ.

ಇನ್ನೊಂದು ಹಳೆಯದು, 1987ರ ಡೇನಿಯಲ್ ವೆಗ್ನರ್ ಪ್ರಯೋಗ. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದರು, ಬಂದಾಗಲೆಲ್ಲ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲಿನಿಂದಲೂ ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಕೆಟ್ಟ ಯೋಚನೆಯನ್ನು ಒಳಗೆ ಬಿಡಲೇಬಾರದು ಅಂತ ಬಾಗಿಲು ಕಾಯುವವರ ಗತಿಯೂ ಇದೇ ಅಲ್ವಾ.

ಕಹಿಬೇವು:

ಮೇಲಿನ ಪುಸ್ತಕ ಚೆನ್ನಾಗಿದೆ, ಆದರೆ ಮೆತ್ತಗಿದೆ. ಸಿಟ್ಟಿನಿಂದ ಬರೆದದ್ದು ಬೇಕಿದ್ದರೆ ಬಾರ್ಬರಾ ಎಹ್ರೆನ್‌ರೈಕ್ ಅವರ ‘ಬ್ರೈಟ್-ಸೈಡೆಡ್’ ಓದಿ. 2009ರಲ್ಲಿ ಬಂತು, ಬ್ರಿಟನ್ನಿನಲ್ಲಿ ‘ಸ್ಮೈಲ್ ಆರ್ ಡೈ’ ಎಂಬ ಹೆಸರಲ್ಲಿ ಸಿಗುತ್ತದೆ. ಈಕೆ ಜೀವಕೋಶಗಳ ಮೇಲೆ ಪಿಎಚ್‌ಡಿ ಮಾಡಿ ಆಮೇಲೆ ಬರವಣಿಗೆಗೆ ಬಂದವರು. 2000ದಲ್ಲಿ ಸ್ತನ ಕ್ಯಾನ್ಸರ್ ಆಯಿತು. ಎಲ್ಲಿ ನೋಡಿದರೂ ಗುಲಾಬಿ ರಿಬ್ಬನ್, ಟೆಡ್ಡಿ ಬೇರ್, ‘ಕ್ಯಾನ್ಸರ್ ನನಗೆ ಸಿಕ್ಕ ಉಡುಗೊರೆ’ ಎನ್ನುವ ಮಾತು. ನನಗೆ ಕೋಪ ಬಂದಿದೆ ಅಂತ ಒಂದು ರೋಗಿಗಳ ಗುಂಪಿನಲ್ಲಿ ಬರೆದರೆ, ನೀವು ಸಲಹೆಗಾರರನ್ನು ಕಾಣಿ ಅಂತ ಬುದ್ಧಿ ಹೇಳಿದರು. ಸಂತೋಷವಾಗಿದ್ದರೆ ಕ್ಯಾನ್ಸರ್ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಏನು ಆಧಾರ ಅಂತ ಇವರು ವಿಜ್ಞಾನಿಯಾಗಿಯೇ ಕೆದಕುತ್ತಾರೆ. ಗಟ್ಟಿ ಆಧಾರ ಸಿಗುವುದಿಲ್ಲ.

ನನಗೆ ಈ ಪುಸ್ತಕ ಮುಖ್ಯ ಅನ್ನಿಸುವುದು ಬೇರೆ ಕಾರಣಕ್ಕೆ. ನಗುತ್ತಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತಿನ ಬಾಲದಲ್ಲೇ, ಸರಿಹೋಗಲಿಲ್ಲ ಅಂದರೆ ನೀನು ಸರಿಯಾಗಿ ನಗಲಿಲ್ಲ ಎನ್ನುವ ಮಾತೂ ಇರುತ್ತದೆ. ರೋಗಿಯದೇ ತಪ್ಪು, ಕೆಲಸ ಕಳೆದುಕೊಂಡವನದೇ ತಪ್ಪು. ಕಂಪನಿ ನೂರಾರು ಜನರನ್ನು ಮನೆಗೆ ಕಳಿಸಿ ಉಳಿದವರಿಗೆ ಪ್ರೇರಣಾ ಭಾಷಣ ಏರ್ಪಡಿಸುತ್ತದಲ್ಲ, ಅದರ ಬಗ್ಗೆ ಒಂದು ಇಡೀ ಅಧ್ಯಾಯ ಇದೆ. ಕೆಲಸ ತಳ್ಳುತ್ತೇನೆ ಅಂದಿರಲ್ಲ, ಮೊದಲು ಆ ಕೆಲಸವೇ ತಳ್ಳುವ ಲಾಯಕ್ಕಿನದಾ ಅಂತ ನೋಡಿಕೊಳ್ಳಿ. ಎಲ್ಲ ತೊಂದರೆಯೂ ನಿಮ್ಮ ತಲೆಯೊಳಗೇ ಇರಬೇಕೆಂದೇನಿಲ್ಲ.

ಒಂದು ಎಚ್ಚರಿಕೆ. ಕವರಿನ ಮೇಲೆ ಬೈಗುಳ ಇರುವ ‘ನೆಗೆಟಿವ್’ ಪುಸ್ತಕಗಳು ಈಗ ರಾಶಿ ರಾಶಿ ಇವೆ. ಎಷ್ಟೋ ಪುಸ್ತಕಗಳಲ್ಲಿ ಸರಕು ಅದೇ, ಪೊಟ್ಟಣ ಮಾತ್ರ ಕಪ್ಪು.

ಬೆಳಕಿನಕಡೆ:

ಇಲ್ಲಿ ಎಲ್ಲರೂ ಸೇರಿ ಪಾಪದ ಪಾಸಿಟಿವ್ ಥಿಂಕಿಂಗ್‌ಗೆ ಗೂಸಾ ಕೊಡುತ್ತಿದ್ದೀರಿ. ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಬರೆದ ‘ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್’ ಪುಸ್ತಕ ಇವತ್ತಿಗೂ ಮಾರಾಟವಾಗುತ್ತಿದೆ ಅಂದರೆ ಯಾರಿಗೋ ಉಪಯೋಗ ಆಗುತ್ತಿರಬೇಕಲ್ವಾ? ಯಾವುದೂ ಆಗುವುದಿಲ್ಲ ಅಂತ ಕೂತವನಿಗಿಂತ ಆಗುತ್ತದೆ ಅಂತ ಎದ್ದವನೇ ಮುಂದೆ ಹೋಗುವುದು. ಇದನ್ನು ಒಪ್ಪಿಕೊಳ್ಳಲು ಏನು ಕಷ್ಟ?

ಲೆಕ್ಕದಪುಸ್ತಕ:

ಪುಸ್ತಕ ಮಾರಾಟವಾಗುವುದಕ್ಕೂ ಕೆಲಸ ಮಾಡುವುದಕ್ಕೂ ಸಂಬಂಧ ಇಲ್ಲ. ಓದಿ ಉಪಯೋಗವಾಗದವರು ಬಂದು ‘ನನಗೆ ಆಗಲಿಲ್ಲ’ ಅಂತ ವೇದಿಕೆ ಮೇಲೆ ಭಾಷಣ ಮಾಡುವುದಿಲ್ಲ, ಗೆದ್ದವರೇ ಮಾಡುವುದು. ಆದರೆ ನಿಮ್ಮ ಕೊನೆಯ ಮಾತಿನಲ್ಲಿ ಅರ್ಧ ಸತ್ಯ ಇದೆ, ಮತ್ತು ಆ ಅರ್ಧವನ್ನು ಚೆನ್ನಾಗಿ ಬಿಡಿಸಿ ತೋರಿಸಿದವರು ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲೆ ಓಟಿಂಗೆನ್. ‘ರೀಥಿಂಕಿಂಗ್ ಪಾಸಿಟಿವ್ ಥಿಂಕಿಂಗ್’, 2014. ಅರೆಮನಸ್ಸು ಅವರೇ, ಒಂದೇ ಪುಸ್ತಕ ಓದುವುದಿದ್ದರೆ ಇದನ್ನು ಓದಿ.

ಓಟಿಂಗೆನ್ ಹೇಳುವುದು, ‘ನನ್ನ ಕೈಲಿ ಆಗಬಹುದು’ ಎಂಬ ನಿರೀಕ್ಷೆ ಬೇರೆ, ‘ಆಗಿಯೇ ಹೋಗಿದೆ’ ಅಂತ ಕಣ್ಣು ಮುಚ್ಚಿ ಸವಿಯುವ ಕನಸು ಬೇರೆ. 1991ರಲ್ಲಿ ಥಾಮಸ್ ವ್ಯಾಡನ್ ಜೊತೆ ಸೇರಿ ತೂಕ ಇಳಿಸುವ ಕಾರ್ಯಕ್ರಮದಲ್ಲಿದ್ದ ಮಹಿಳೆಯರನ್ನು ಗಮನಿಸಿದರು. ಇಳಿಸಬಲ್ಲೆ ಎಂಬ ನಿರೀಕ್ಷೆ ಇದ್ದವರು ಹೆಚ್ಚು ಇಳಿಸಿದರು. ಆದರೆ ತೆಳ್ಳಗಾದ ತಮ್ಮನ್ನು ಬಣ್ಣ ಬಣ್ಣವಾಗಿ ಕಲ್ಪಿಸಿಕೊಳ್ಳುತ್ತಿದ್ದವರು, ಅಷ್ಟು ಸಿಹಿಯಾಗಿ ಕಲ್ಪಿಸಿಕೊಳ್ಳದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದರು. ಕೆಲಸ ಹುಡುಕುವ ಪದವೀಧರರಲ್ಲೂ ಇದೇ ಕತೆ, 2002ರಲ್ಲಿ ಪ್ರಕಟವಾಯಿತು. ಒಳ್ಳೆ ಕೆಲಸದ ಕನಸು ಜಾಸ್ತಿ ಕಂಡವರು ಅರ್ಜಿ ಹಾಕಿದ್ದು ಕಡಿಮೆ, ಅವರಿಗೆ ಸಿಕ್ಕ ಸಂಬಳವೂ ಕಡಿಮೆ. 2011ರ ಇನ್ನೊಂದು ಪ್ರಯೋಗದಲ್ಲಿ ಸಿಹಿ ಕಲ್ಪನೆ ಮಾಡಿಕೊಂಡವರ ರಕ್ತದೊತ್ತಡ ನೋಡಿದರೆ ಅದು ಇಳಿದಿತ್ತು. ಗೆದ್ದಾಯಿತು ಅಂತ ಮೈ ನಂಬಿಕೊಂಡು ಆರಾಮಾಗಿ ಕೂತುಬಿಡುತ್ತದೆ. ಮೈ ಆರಾಮಾಗಬೇಕು ಅಂದರೆ ಒಳ್ಳೆಯದೇ, ಎದ್ದು ಕೆಲಸ ಮಾಡಬೇಕು ಅಂದರೆ ಎಡವಟ್ಟು.

ಅವರು ಕೊಡುವ ಉಪಾಯದ ಹೆಸರು ವೂಪ್, ವಿಶ್, ಔಟ್‌ಕಮ್, ಆಬ್‌ಸ್ಟಕಲ್, ಪ್ಲಾನ್ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ. ಏನು ಬೇಕು ಅಂತ ಒಂದು ಆಸೆ. ಅದು ಈಡೇರಿದರೆ ಸಿಗುವ ಅತ್ಯುತ್ತಮ ಫಲವನ್ನು ಕಣ್ಮುಂದೆ ತಂದುಕೊಳ್ಳುವುದು. ಆಮೇಲೆ ಅದಕ್ಕೆ ಅಡ್ಡ ಬರುವ, ನಿಮ್ಮೊಳಗೇ ಇರುವ ಒಂದು ಅಡ್ಡಿ. ಕೊನೆಗೆ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಯೋಜನೆ. ಈ ‘ಆದರೆ-ಮಾಡುತ್ತೇನೆ’ ಭಾಗ ಪೀಟರ್ ಗಾಲ್ವಿಟ್ಸರ್ ಅವರ ಸಂಶೋಧನೆಯಿಂದ ಬಂದದ್ದು. ಅವರು ಓಟಿಂಗೆನ್ ಅವರ ಗಂಡ, ಆ ಮನೆಯಲ್ಲಿ ಕೆಲಸ ಮುಂದೂಡುವುದು ಕಷ್ಟ ಅನ್ನಿಸುತ್ತದೆ.

ಇನ್ನೊಂದು ಹೆಸರು ಜೂಲಿ ನೋರೆಮ್. ‘ದಿ ಪಾಸಿಟಿವ್ ಪವರ್ ಆಫ್ ನೆಗೆಟಿವ್ ಥಿಂಕಿಂಗ್’, 2001. ಕೆಲವರು ಪರೀಕ್ಷೆಗೋ ಭಾಷಣಕ್ಕೋ ಮುಂಚೆ ಏನೆಲ್ಲ ಕೆಡಬಹುದು ಅಂತ ಲೆಕ್ಕ ಹಾಕಿ, ಒಂದೊಂದಕ್ಕೂ ತಯಾರಾಗಿ, ಆಮೇಲೆ ಚೆನ್ನಾಗಿಯೇ ಮಾಡುತ್ತಾರೆ. ಅಂಥವರನ್ನು ‘ಚಿಂತೆ ಬಿಡು, ಎಲ್ಲ ಸರಿಹೋಗುತ್ತದೆ’ ಅಂತ ಸಮಾಧಾನ ಮಾಡಿದರೆ ಅವರ ಕೆಲಸ ಕೆಡುತ್ತದೆ ಅಂತ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲೇ ತೋರಿಸಿದ್ದರು. ಚಿಂತೆ ಮಾಡಿಯೇ ಕೆಲಸ ಮುಗಿಸುವವರನ್ನು ಸುಮ್ನೆ ಬಿಟ್ಟುಬಿಡಿ.

ಹಳೆಕಪಾಟು:

ಎಲ್ಲರೂ ಹೊಸ ಪುಸ್ತಕಗಳನ್ನೇ ಹೇಳುತ್ತಿದ್ದೀರಿ. ಎಪಿಕ್ಟಿಟಸ್ ಎಲ್ಲಿ? ಹಳೆಯ ಕಾಲದ ಗ್ರೀಕ್ ತತ್ವಜ್ಞಾನಿ, ಗುಲಾಮನಾಗಿದ್ದವನು. ಅವನ ಮಾತುಗಳನ್ನು ಶಿಷ್ಯ ಆರಿಯನ್ ಬರೆದಿಟ್ಟ ‘ಎಂಕಿರಿಡಿಯನ್’ ಒಂದು ಕೈಪಿಡಿ, ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಅದರಲ್ಲಿ ಒಂದು ಕಡೆ ಹೇಳುತ್ತಾನೆ, ಸಾರ್ವಜನಿಕ ಸ್ನಾನಗೃಹಕ್ಕೆ ಹೊರಡುವ ಮುಂಚೆ ಅಲ್ಲಿ ಏನಾಗುತ್ತದೆ ಅಂತ ನೆನೆಸಿಕೋ. ನೀರು ಎರಚುತ್ತಾರೆ, ತಳ್ಳುತ್ತಾರೆ, ಬಯ್ಯುತ್ತಾರೆ, ಕದಿಯುತ್ತಾರೆ. ಇಷ್ಟು ಗೊತ್ತಿದ್ದೂ ಹೋಗುತ್ತಿದ್ದೀಯಾ, ಹಾಗಾದರೆ ಅಲ್ಲಿ ಹೋಗಿ ಸಿಟ್ಟಾಗಬೇಡ. ಎರಡು ಸಾವಿರ ವರ್ಷ ಆಗುತ್ತಾ ಬಂತು, ಆಫೀಸಿಗೆ ಹೊರಡುವ ಯಾರಿಗಾದರೂ ಇವತ್ತಿಗೂ ಹೇಳಬಹುದು. ಮಾರ್ಕಸ್ ಅರೇಲಿಯಸ್ ರೋಮಿನ ಚಕ್ರವರ್ತಿ, ಅವನೂ ಬೆಳಗ್ಗೆ ಎದ್ದು ಇವತ್ತು ಕೃತಜ್ಞತೆ ಇಲ್ಲದವರು, ಸೊಕ್ಕಿನವರು ಸಿಗುತ್ತಾರೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇದೂ ಒಂದು ಮಂತ್ರವೇ, ಆದರೆ ಕಣ್ಣು ತೆರೆದು ಹೇಳುವ ಮಂತ್ರ.

ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದ ನೌಕಾಪಡೆಯ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್ ವಿಯೆಟ್ನಾಂ ಯುದ್ಧದಲ್ಲಿ 1965ರಲ್ಲಿ ಸೆರೆ ಸಿಕ್ಕರು, ಬಿಡುಗಡೆಯಾದದ್ದು 1973ರಲ್ಲಿ. ಎಪಿಕ್ಟಿಟಸ್‌ನನ್ನು ಮೊದಲೇ ಓದಿಕೊಂಡಿದ್ದವರು. ಯಾರು ಉಳಿಯಲಿಲ್ಲ ಅಂತ ಕೇಳಿದರೆ ಆಶಾವಾದಿಗಳು ಅಂದರು. ಕ್ರಿಸ್‌ಮಸ್‌ಗೆ ಬಿಡುಗಡೆ ಅಂದುಕೊಂಡವರು, ಅದು ದಾಟಿ ಈಸ್ಟರ್‌ಗೆ ಅಂದುಕೊಂಡವರು, ಕೊನೆಗೆ ಎದೆ ಒಡೆದು ಹೋದವರು. ನಾಜಿ ಶಿಬಿರದಲ್ಲಿ ಸೆರೆಯಿದ್ದು ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಕೂಡ ಆ ಶಿಬಿರದ ಬಗ್ಗೆ ಇದನ್ನೇ ಹೋಲುವ ಮಾತು ಬರೆದಿದ್ದಾರೆ. 1944ರ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರದಲ್ಲಿ ಸಾವು ಹೆಚ್ಚಿತು, ಹಬ್ಬಕ್ಕೆ ಮನೆ ಸೇರುತ್ತೇವೆ ಎಂಬ ಆಸೆ ಸುಳ್ಳಾದದ್ದೇ ಕಾರಣ ಅಂತ ಶಿಬಿರದ ವೈದ್ಯ ಹೇಳಿದ್ದ ಎಂದು. ಹಾಗಂತ ಇಬ್ಬರೂ ನಂಬಿಕೆ ಬಿಟ್ಟವರಲ್ಲ. ಕೊನೆಗೊಂದು ದಿನ ಇದರಿಂದ ಆಚೆ ಬರುತ್ತೇನೆ ಅಂತ ಸ್ಟಾಕ್‌ಡೇಲ್‌ಗೆ ಗಟ್ಟಿ ನಂಬಿಕೆ ಇತ್ತು. ತಾರೀಕು ಮಾತ್ರ ಹಾಕಿಕೊಳ್ಳಲಿಲ್ಲ.

ಕನ್ನಡದಲ್ಲೇ ಬೇಕು ಅಂದರೆ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’. 1943ರದ್ದು, 945 ಪದ್ಯ. ಬೆಳಗಿನ ಶುಭೋದಯ ಮೆಸೇಜುಗಳಲ್ಲಿ ಒಂದೊಂದೇ ಪದ್ಯ ನೋಡಿ ನೋಡಿ ಅದು ಬರೀ ಹಿತವಚನ ಅಂದುಕೊಂಡಿರುತ್ತೇವೆ. ಮೊದಲಿನಿಂದ ಸಾಲಾಗಿ ಓದಿ ನೋಡಿ, ಎಷ್ಟು ಅನುಮಾನ, ಎಷ್ಟು ಪ್ರಶ್ನೆ ಇದೆ ಅಂತ ಆಶ್ಚರ್ಯವಾಗುತ್ತದೆ. ಎಲ್ಲ ಸರಿಹೋಗುತ್ತದೆ ಅಂತ ಮಾತು ಕೊಡುವ ಪುಸ್ತಕ ಅದಲ್ಲ.

ಅರೆಮನಸ್ಸು:

ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ, ಥ್ಯಾಂಕ್ಸ್. ಎಪಿಕ್ಟಿಟಸ್ ಭಾಗ ಓದಿ ಒಂದು ಅನುಮಾನ ಬಂತು. ಏನು ಕೆಡಬಹುದು ಅಂತ ಮುಂಚೆಯೇ ಯೋಚಿಸು ಅಂತೀರಿ. ನಾನು ರಾತ್ರಿಯೆಲ್ಲ ಮಾಡುವುದು ಅದನ್ನೇ! ಅದೇ ನನ್ನ ರೋಗ. ಇನ್ನೂ ಜಾಸ್ತಿ ಮಾಡಿದರೆ ಬೆಳಗಾಗುವಷ್ಟರಲ್ಲಿ ನನ್ನ ಕತೆ ಮುಗಿಯುತ್ತದೆ.

ಮಧ್ಯಮಾರ್ಗಿ:

ಒಳ್ಳೆಯ ಪ್ರಶ್ನೆ, ಮೇಲಿನ ಯಾರೂ ಇದನ್ನು ಮುಟ್ಟಲಿಲ್ಲ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ ರಾತ್ರಿಯ ಚಿಂತೆ ಎಲ್ಲೂ ನಿಲ್ಲುವುದಿಲ್ಲ, ‘ಹಾಗಾದರೆ?’ ಅಂತ ಕೇಳುತ್ತದೆ, ಉತ್ತರ ಬರುವ ಮುಂಚೆಯೇ ಮುಂದಿನ ಭಯಕ್ಕೆ ಹಾರುತ್ತದೆ. ಎಪಿಕ್ಟಿಟಸ್ ಹೇಳುವುದು ಹಗಲಿನ ಕೆಲಸ. ಕೆಟ್ಟದ್ದೇ ಆಯಿತು ಅಂತಿಟ್ಟುಕೊಂಡು ಅಲ್ಲೇ ನಿಂತು, ಆಗ ನಾನು ಏನು ಮಾಡುತ್ತೇನೆ ಅಂತ ಪೂರ್ತಿ ಉತ್ತರ ಕೊಟ್ಟು ಮುಗಿಸುವುದು. ಮಲಗಿದ ಮೇಲೆ ಇದನ್ನು ಮಾಡಬೇಡಿ, ಕಾಗದ ಪೆನ್ನು ಇಟ್ಟುಕೊಂಡು ಕೂತು ಮಾಡಿ.

ಇದನ್ನೇ ಪದ್ಧತಿ ಮಾಡಿಕೊಳ್ಳಬಹುದು. ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪರೀಕ್ಷಿಸಿದ್ದು: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ, ಅಲ್ಲಿ ಕೂತು ಬೇಕಾದಷ್ಟು ಚಿಂತೆ ಮಾಡಿ. ಉಳಿದ ಹೊತ್ತಿನಲ್ಲಿ ಬಂದರೆ, ಬೇಡ ಅಂತ ಓಡಿಸಬೇಕಾಗಿಲ್ಲ (ಬಿಳಿ ಕರಡಿ ನೆನಪಿದೆಯಲ್ಲ), ಸಂಜೆಗೆ ಅಂತ ಮುಂದೂಡಿ. ಮುಂದೂಡುವುದರಲ್ಲಿ ನಿಮಗೆ ಅನುಭವ ಇದೆ ಅಂತ ನೀವೇ ಹೇಳಿದ್ದೀರಿ. ಜೊತೆಗೆ 2018ರಲ್ಲಿ ಬೇಲರ್ ವಿಶ್ವವಿದ್ಯಾಲಯದಲ್ಲಿ ನಡೆದ ಸಣ್ಣ ಅಧ್ಯಯನ: ಮಲಗುವ ಮುಂಚೆ ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ಬೇಗ.

ಪುಸ್ತಕ ಅಂದರೆ, ಡೇವಿಡ್ ಬರ್ನ್ಸ್ ಬರೆದ ‘ಫೀಲಿಂಗ್ ಗುಡ್’, 1980. ಹೆಸರು ನೋಡಿ ಓಡಿಹೋಗಬೇಡಿ, ಅದು ಪಾಸಿಟಿವ್ ಥಿಂಕಿಂಗ್ ಪುಸ್ತಕ ಅಲ್ಲವೇ ಅಲ್ಲ. ಆರನ್ ಬೆಕ್ ಕಟ್ಟಿದ ಕಾಗ್ನಿಟಿವ್ ಥೆರಪಿಯನ್ನು ಸಾಮಾನ್ಯರಿಗೆ ಅಂತ ಬರೆದದ್ದು. ಕೆಟ್ಟ ಯೋಚನೆಯ ಜಾಗದಲ್ಲಿ ಒಳ್ಳೆಯ ಯೋಚನೆ ಇಡು ಅನ್ನುವುದಿಲ್ಲ, ಈ ಯೋಚನೆ ನಿಜವಾ, ಸಾಕ್ಷಿ ಏನು ಅಂತ ಬರೆದು ನೋಡು ಅನ್ನುತ್ತದೆ. ಅನುಮಾನದ ಮನುಷ್ಯರಿಗೆ ಇದು ಒಗ್ಗುತ್ತದೆ, ಯಾಕಂದರೆ ನಿಮ್ಮ ಅನುಮಾನವನ್ನು ನಿಮ್ಮ ಭಯದ ಮೇಲೂ ಪ್ರಯೋಗಿಸಬಹುದು. ಖಿನ್ನತೆ ಇದ್ದವರಿಗೆ ಇದೇ ಪುಸ್ತಕ ಓದಲು ಕೊಟ್ಟು ನಡೆಸಿದ ಅಧ್ಯಯನಗಳೂ ಇವೆ. ಬರೆದು ವಾದ ಮಾಡುವುದು ಇಷ್ಟವಾಗದಿದ್ದರೆ ರಸ್ ಹ್ಯಾರಿಸ್ ಅವರ ‘ದಿ ಹ್ಯಾಪಿನೆಸ್ ಟ್ರ್ಯಾಪ್’. ಸ್ಟೀವನ್ ಹೇಯ್ಸ್ ಕಟ್ಟಿದ ಪದ್ಧತಿ ಅದು. ಯೋಚನೆ ಇದ್ದರೆ ಇರಲಿ, ನಿಮಗೆ ಮುಖ್ಯವಾದ ಕೆಲಸದ ಕಡೆ ಕಾಲು ಹಾಕಿ ಅನ್ನುತ್ತದೆ. ಜಪಾನಿನ ಮನೋವೈದ್ಯ ಶೋಮಾ ಮೊರಿಟಾ ನೂರು ವರ್ಷದ ಹಿಂದೆಯೇ ಇದಕ್ಕೆ ಹತ್ತಿರದ ಮಾತು ಹೇಳಿದ್ದರು.

ಕೆಲಸ ತಳ್ಳುವುದಕ್ಕೆ ಟಿಮೊಥಿ ಪಿಚಿಲ್ ಅವರ ‘ಸಾಲ್ವಿಂಗ್ ದಿ ಪ್ರೊಕ್ರಾಸ್ಟಿನೇಶನ್ ಪಜಲ್’, ಸಣ್ಣ ಪುಸ್ತಕ. ಕೆಲಸ ಮುಂದೂಡುವುದು ಸಮಯದ ಸಮಸ್ಯೆಗಿಂತ ಜಾಸ್ತಿ ಮೂಡಿನ ಸಮಸ್ಯೆ ಅನ್ನುತ್ತಾರೆ. ಆ ಕೆಲಸ ನೆನೆದರೆ ಬೇಜಾರು, ಅದರಿಂದ ತಪ್ಪಿಸಿಕೊಳ್ಳಲು ಇನ್ನೇನೋ. ಮನಸ್ಸು ಬರಲಿ ಅಂತ ಕಾಯಬೇಡಿ, ಮುಂದಿನ ಒಂದು ಹೆಜ್ಜೆ ಏನು ಅಂತ ಮಾತ್ರ ನೋಡಿ ಅನ್ನುವುದು ಅವರ ಸಲಹೆ.

ಇನ್ನೊಂದು ಮಾತು, ಇದನ್ನು ತಮಾಷೆಯಾಗಿ ತಗೋಬೇಡಿ. ನಿದ್ದೆ ಇಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದಿದ್ದರೆ, ಊಟ ಬೇಡ, ಯಾವುದೂ ಬೇಡ ಅನ್ನಿಸುತ್ತಿದ್ದರೆ, ಪುಸ್ತಕ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಬೆಳಕಿನಕಡೆ:

ಓಟಿಂಗೆನ್ ವಿಷಯ ಆಸಕ್ತಿ ಹುಟ್ಟಿಸಿತು, ಒಪ್ಪಿದೆ. ಆದರೆ ಗಮನಿಸಿ, ಅಲ್ಲೂ ಮೊದಲು ಆಸೆ, ಒಳ್ಳೆಯ ಫಲದ ಕಲ್ಪನೆ ಇದ್ದೇ ಇದೆ. ಅಂದರೆ ಪಾಸಿಟಿವ್ ಪೂರ್ತಿ ಹೊರಗೆ ಹೋಗಿಲ್ಲ. ಮಾರ್ಟಿನ್ ಸೆಲಿಗ್‌ಮನ್ ಅವರ ‘ಲರ್ನ್ಡ್ ಆಪ್ಟಿಮಿಸಂ’ ಕೂಡ ಪಟ್ಟಿಗೆ ಸೇರಿಸಿ, 1990ರದ್ದು. ಕನ್ನಡಿ ಮುಂದೆ ಹೇಳಿಕೊಳ್ಳುವ ಮಂತ್ರಗಳನ್ನು ಅವರೂ ನೆಚ್ಚಿಕೊಳ್ಳುವುದಿಲ್ಲ. ವಿಮಾನ ಹಾರಿಸುವವರು ಮಂಜುಗಡ್ಡೆ ತೆಗೆಯಬೇಕಾ ಬೇಡವಾ ಅಂತ ಯೋಚಿಸುವಂಥ ಜಾಗದಲ್ಲಿ ಆಶಾವಾದ ಬೇಡ ಅಂತ ಅವರೇ ಬರೆದಿದ್ದಾರೆ. ಸೋತರೆ ಬೆಲೆ ಎಷ್ಟು ಅಂತ ನೋಡಿ ಆಮೇಲೆ ಆಶಾವಾದ.

ಅರೆಮನಸ್ಸು:

ವಿಮಾನದ ಮಾತು ಹಿಡಿಸಿತು. ಸದ್ಯಕ್ಕೆ ಓಟಿಂಗೆನ್ ಮತ್ತು ಪಿಚಿಲ್ ತರಿಸುತ್ತೇನೆ, ರಾತ್ರಿಗೆ ಆ ಪಟ್ಟಿ ಬರೆಯುವುದು. ಎಹ್ರೆನ್‌ರೈಕ್ ಪುಸ್ತಕ ನನಗೆ ಬುದ್ಧಿ ಹೇಳುವ ಸಂಬಂಧಿಕರಿಗೆ ಕೊಡುತ್ತೇನೆ. ಒಂದು ಪ್ರಶ್ನೆ, ವೂಪ್‌ನಲ್ಲಿ ನನಗೆ ಹೇಗೂ ಅಡ್ಡಿಗಳೇ ಮೊದಲು ನೆನಪಾಗುತ್ತವೆ, ಅಲ್ಲಿಂದಲೇ ಶುರು ಮಾಡಿದರೆ ಆಗಲ್ವಾ?

ಲೆಕ್ಕದಪುಸ್ತಕ:

ಆಗಲ್ಲ. ಅವರು ತಿರುಗಿಸಿಯೂ ಪರೀಕ್ಷಿಸಿದ್ದಾರೆ, ಅಡ್ಡಿ ಮೊದಲು ಫಲ ಆಮೇಲೆ ಅಂದರೆ ಪರಿಣಾಮ ಸಿಗಲಿಲ್ಲ. ಮೊದಲು ಏನು ಬೇಕು ಅಂತ ಕಂಡರೆ ತಾನೇ ಆಮೇಲೆ ಬರುವುದು ಅದಕ್ಕೆ ಅಡ್ಡಿ ಅಂತ ಅನ್ನಿಸುವುದು. ಅಷ್ಟು ಹೊತ್ತು ಮಾತ್ರ ಹಲ್ಲು ಕಚ್ಚಿಕೊಂಡು ಪಾಸಿಟಿವ್ ಆಗಿರಿ. ಇನ್ನೊಂದು, ಅಡ್ಡಿ ಅಂತ ‘ಬಾಸ್’ ಅಂತ ಬರೆಯಬೇಡಿ, ನಿಮ್ಮೊಳಗಿನದನ್ನೇ ಬರೆಯಿರಿ. ಮತ್ತೆ, ಅಡ್ಡಿ ನೋಡಿದ ಮೇಲೆ ಈ ಆಸೆ ನನ್ನ ಕೈಲಿ ಆಗುವುದಲ್ಲ ಅಂತ ಅನ್ನಿಸಿದರೆ ಬಿಟ್ಟುಬಿಡಿ. ಬಿಡಬೇಕಾದ್ದನ್ನು ಬೇಗ ಬಿಡುವುದೂ ಈ ಉಪಾಯದ ಲಾಭ ಅಂತಲೇ ಅವರು ಲೆಕ್ಕ ಹಾಕುತ್ತಾರೆ.